ಇಬ್ಬರಿಗೂ ಬೇರೆ ಬೇರೆ ಚೀಟಿ ಮಾಡಿಸಿ

ಹಲೋ, ಹಲೋ. ರೆಕಾರ್ಡ್ ಆಗ್ತಾ ಇದೆ ಅಲ್ವಾ ಇದು? ಹಾಂ, ಆಗ್ತಾ ಇದೆ.

ಕೂಸೇ, ರಾತ್ರಿ ನೀನು ಗುಂಪಿನಲ್ಲಿ ಹಾಕಿದ್ದನ್ನು ಬೆಳಿಗ್ಗೆ ಚಾ ಕುಡಿಯುವಾಗ ಓದಿದೆ. ಕಾರವಾರದ ನಿನ್ನ ಅಣ್ಣ, ಅತ್ತಿಗೆ ಇಬ್ಬರೂ ಈ ಭಾನುವಾರದಿಂದ ಒಟ್ಟಿಗೇ ಕುಡಿತ ಬಿಡುತ್ತಾರಂತೆ. ಮನೆಯಲ್ಲೇ ಬಿಡಿಸುವುದಾ, ಇಲ್ಲಾ ಗಂಡ ಹೆಂಡತಿಗೆ ಒಂದೇ ರೂಮು ಕೊಡುವ ಯಾವುದೋ ಸೆಂಟರಿಗೆ ಸೇರಿಸುವುದಾ ಅಂತ ಕೇಳಿದ್ದೀಯ. ಕೆಳಗೆ ಎಲ್ಲರೂ ಕೈ ಮುಗಿದ ಚಿತ್ರ ಹಾಕಿದ್ದಾರೆ. ಒಬ್ಬರೂ ಉತ್ತರ ಕೊಟ್ಟಿಲ್ಲ. ನನಗೆ ಟೈಪ್ ಮಾಡಲು ಕಣ್ಣು ಸಾಲದು, ಮಾತಾಡಿಯೇ ಕಳಿಸುತ್ತೇನೆ. ಉದ್ದ ಆದರೆ ಆಗಲಿ, ಪೂರ್ತಿ ಕೇಳಿ.

ಮೊದಲಿಗೆ ಇದು. ಇಬ್ಬರನ್ನೂ ಒಂದು ಕೋಣೆಗೆ ಹಾಕಿ ಮನೆಯಲ್ಲೇ ಬಿಡಿಸಲು ಹೋಗಬೇಡಿ. ಅವರೇ ಒಪ್ಪಿದ್ದಾರೆ ಅಂದರೂ ಬೇಡ. ಆಣೆ ಹಾಕಿದ್ದಾರೆ ಅಂದರೂ ಬೇಡ.

ಅಂಕೋಲೆ ಮನೆಯ ನನ್ನ ಮೈದುನ, ಓರಗಿತ್ತಿ ವಿಷಯ ನಿಮಗೆಲ್ಲ ಗೊತ್ತು. ಗೊತ್ತು ಅಂತ ನೀವು ಅಂದುಕೊಂಡಿದ್ದೀರಿ. ಆ ಮಾಳಿಗೆಯಲ್ಲಿ ಏನಾಯಿತು ಅಂತ ಕಣ್ಣಾರೆ ಕಂಡವರು ಈಗ ನಾನು ಮತ್ತು ನಿಮ್ಮ ದೊಡ್ಡಪ್ಪ ಇಬ್ಬರೇ.

ಮೊದಲು ಅವನೊಬ್ಬನೇ ಕುಡಿಯುತ್ತಿದ್ದ, ಅವಳು ಜಗಳ ಆಡುತ್ತಿದ್ದಳು. ಯಾವಾಗಲೋ ಒಮ್ಮೆ ಅವಳೂ ಜೊತೆಗೆ ಕೂತಳು. ಅವಳು ಕೂತ ಮೇಲೆ ಜಗಳ ನಿಂತಿತು. ಸಂಜೆ ಏಳರಿಂದ ಒಂಬತ್ತರವರೆಗೆ ಹಿಂದಿನ ಜಗಲಿಯಲ್ಲಿ ಇಬ್ಬರ ನಗೆ ಕೇಳಿಸುತ್ತಿತ್ತು. ಆ ಎರಡು ತಾಸು ಬಿಟ್ಟರೆ ಅವರು ಒಬ್ಬರಿಗೊಬ್ಬರು ಸರಿಯಾಗಿ ಮಾತಾಡಿದ್ದನ್ನು ನಾನು ಕಂಡಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

2007ರ ಜುಲೈ ಒಂದರಿಂದ ಸರ್ಕಾರ ಪ್ಯಾಕೆಟ್ ಸಾರಾಯಿ ಬಂದ್ ಮಾಡಿತು. ಬಂದ್ ಆದರೇನು, ಮಾಜಾಳಿ ದಾಟಿದರೆ ಗೋವಾ. ಬೇಕಾದವರಿಗೆ ಸಿಗುತ್ತಿತ್ತು. ಆದರೆ ನಮ್ಮ ಮಾವನವರಿಗೆ ಅದೊಂದು ಮುಹೂರ್ತದ ಹಾಗೆ ಕಂಡಿತು. "ಸರ್ಕಾರವೇ ನಿಲ್ಲಿಸಿದೆ, ನಾವೂ ನಿಲ್ಲಿಸುವಾ" ಅಂದರು. ಇಬ್ಬರೂ ದೇವರ ಮುಂದೆ ತೆಂಗಿನಕಾಯಿ ಮುಟ್ಟಿ ಆಣೆ ಮಾಡಿದರು. ಅವರ ಮನಸ್ಸಿನಲ್ಲಿ ಕಪಟ ಇರಲಿಲ್ಲ, ಸುಳ್ಳು ಹೇಳಬಾರದು. ಒಬ್ಬರ ಮುಖ ನೋಡಿ ಇನ್ನೊಬ್ಬರು ಬಿಡುತ್ತಾರೆ ಅಂತ ಎಲ್ಲರಿಗೂ ಖುಷಿ. ಇಬ್ಬರನ್ನೂ ಮಾಳಿಗೆ ಕೋಣೆಗೆ ಕಳಿಸಿ ಹೊರಗಿನಿಂದ ಚಿಲಕ ಹಾಕಿದರು. ಗಂಜಿ, ಮಜ್ಜಿಗೆ ಕೊಟ್ಟು ಬರುವುದು ನನ್ನ ಕೆಲಸ.

ಮೊದಲ ದಿನ ಮಧ್ಯಾಹ್ನಕ್ಕೇ ಅವನ ಕೈ ನಡುಗಿ ಗಂಜಿ ಚೆಲ್ಲಿತು. ಮರುದಿನ ಮೈಯೆಲ್ಲ ಬೆವರು, ವಾಂತಿ. ಗೋಡೆ ಮೇಲೆ ಇರುವೆ ಹರಿಯುತ್ತಿದೆ ಅಂತ ಅಂಗೈಯಲ್ಲಿ ಒರೆಸುತ್ತಾ ಕೂತಿದ್ದ. ಅಲ್ಲಿ ಒಂದು ಇರುವೆಯೂ ಇರಲಿಲ್ಲ. ಅವಳು ಮೂಲೆಯಲ್ಲಿ ಕಂಬಳಿ ಹೊದ್ದು ಗಡಗಡ ನಡುಗುತ್ತಿದ್ದಳು. ನಾನು ಕೆಳಗೆ ಬಂದು ಹೇಳಿದೆ, ಇದು ಬರೀ ಚಪಲ ಅಲ್ಲ, ಡಾಕ್ಟರನ್ನು ಕರೆಸಿ ಅಂತ. ಸೊಸೆ ಮಾತು ಯಾರು ಕೇಳುತ್ತಾರೆ? ಆ ರಾತ್ರಿ ಜೋರು ಮಳೆ. ಮೇಲಿನಿಂದ ಬಾಗಿಲು ಬಡಿಯುವ ಸದ್ದು. "ಬಡಿಯಲಿ, ತೆಗೆಯಬೇಡಿ, ಎರಡು ದಿನ ಕಳೆದರೆ ಸರಿ ಆಗ್ತದೆ" ಅಂದರು ಮಾವ. ನಿಮ್ಮ ದೊಡ್ಡಪ್ಪ ಕೊನೆಗೆ ಯಾರ ಮಾತೂ ಕೇಳದೆ ಹೋಗಿ ಚಿಲಕ ತೆಗೆದರು. ಅವನು ನೆಲದ ಮೇಲೆ ಬಿದ್ದು ಫಿಟ್ಸ್ ಬಂದು ಒದ್ದಾಡುತ್ತಿದ್ದ, ನಾಲಿಗೆ ಕಚ್ಚಿ ರಕ್ತ. ಬಾಗಿಲು ಬಡಿಯುತ್ತಿದ್ದವಳು ಅವಳು. ಕೂಗಲು ಅವಳಿಗೆ ಸ್ವರವೇ ಇರಲಿಲ್ಲ.

ಆಗ 108 ಇರಲಿಲ್ಲ. ಮೀನಿನ ಟೆಂಪೋದಲ್ಲಿ ಅವನನ್ನು ಮಲಗಿಸಿಕೊಂಡು ಹೋದರು. ಬದುಕಿದ. ಡಾಕ್ಟರ್ ಬೈದರಂತೆ. ದಿನಾ ಕುಡಿಯುವವರ ಮೆದುಳನ್ನು ಸಾರಾಯಿ ಮಂಕು ಮಾಡಿಡುತ್ತದೆ, ಅದಕ್ಕೆ ಎದುರಾಗಿ ಮೆದುಳು ಜೋರಾಗಿ ಕೆಲಸ ಮಾಡಿ ರೂಢಿಯಾಗಿರುತ್ತದೆ. ಏಕಾಏಕಿ ಸಾರಾಯಿ ತೆಗೆದರೆ ಆ ಜೋರು ಮಾತ್ರ ಉಳಿಯುತ್ತದೆ. ಫಿಟ್ಸ್ ಬರುವುದು ಜಾಸ್ತಿ ಮೊದಲ ಎರಡು ದಿನದಲ್ಲಿ. ಮೂರು, ನಾಲ್ಕನೇ ದಿನ ಕೆಲವರಿಗೆ ಪೂರ್ತಿ ಭ್ರಮೆ ಹಿಡಿಯುತ್ತದೆ, ಜೀವವೂ ಹೋಗಬಹುದು.

ಸರಿ, ಅವನದ್ದು ಆಯಿತು. ಅವಳು? ಎಲ್ಲರೂ ಅವನ ಹಿಂದೆ ಓಡಿದರು. ಅವಳನ್ನು ಯಾರೂ ಆಸ್ಪತ್ರೆಗೆ ಕರೆದುಕೊಂಡು ಹೋಗಲಿಲ್ಲ. ಫಿಟ್ಸ್ ಬಂದಿಲ್ಲವಲ್ಲ, ಹುಷಾರಿದ್ದಾಳೆ ಅಂದರು. ನಾಲ್ಕು ದಿನ ಬಿಟ್ಟು ಅವಳು ಕಾಲು ಅಗಲಿಸಿಕೊಂಡು ಗೋಡೆ ಹಿಡಿದು ನಡೆಯತೊಡಗಿದಳು. ಒಂದು ವಸ್ತು ಎರಡಾಗಿ ಕಾಣುತ್ತದೆ ಅಂದಳು. ಎಲ್ಲಿಂದಲೋ ತರಿಸಿ ಕದ್ದು ಕುಡಿದಿದ್ದಾಳೆ ಅಂತ ಮನೆಯಲ್ಲಿ ಗುಸುಗುಸು. ತಿಂಗಳು ಕಳೆದ ಮೇಲೆ ತೋರಿಸಿದಾಗ ಗೊತ್ತಾಯಿತು, ಬಿ1 ಅನ್ನುವ ವಿಟಮಿನ್ ಮೈಯಲ್ಲಿ ಖಾಲಿಯಾಗಿತ್ತು. ವರ್ಷಗಟ್ಟಲೆ ಕುಡಿದು ಸರಿಯಾಗಿ ಊಟ ಮಾಡದವರಿಗೆ ಹಾಗೆ ಆಗುತ್ತದೆ. ಆ ವಾರವೇ ಇಂಜೆಕ್ಷನ್ ಕೊಟ್ಟಿದ್ದರೆ ನಡಿಗೆ, ನೆನಪು ಉಳಿಯುತ್ತಿತ್ತೇನೋ. ಈಗಲೂ ಚಾ ಕುಡಿದು ಲೋಟ ಕೆಳಗಿಟ್ಟು, ಇವತ್ತು ಚಾ ಆಗಿಲ್ವಾ ಅಕ್ಕ ಅಂತ ಕೇಳುತ್ತಾಳೆ.

ಅದಕ್ಕೇ ಇನ್ನೊಮ್ಮೆ ಹೇಳುತ್ತೇನೆ. ಒಂದು ಕೋಣೆ, ಒಂದು ಚಿಲಕ, ಇಬ್ಬರಿಗೂ ಒಟ್ಟಿಗೆ ಬಿಡಿಸುವುದು, ಇದು ಬೇಡವೇ ಬೇಡ. ಒಬ್ಬರು ಬಿದ್ದಾಗ ಇನ್ನೊಬ್ಬರು ಎತ್ತುತ್ತಾರೆ ಅಂತ ನೀವು ಅಂದುಕೊಳ್ಳುತ್ತೀರಿ. ಎತ್ತಬೇಕಾದವರ ಕೈಯೇ ನಡುಗುತ್ತಿರುತ್ತದೆ.

ಇನ್ನು ನಂತರದ್ದು ಕೇಳಿ. ಅವನು ವಾಪಸ್ ಬಂದಾಗ ಊರವರು ಹೊಗಳಿದ್ದೇ ಹೊಗಳಿದ್ದು, ಗಂಡಸು ಅಂದರೆ ಹೀಗಿರಬೇಕು, ಹಟ ಹಿಡಿದು ಬಿಟ್ಟ ಅಂತ. ಅವಳ ಸುದ್ದಿ ಬಂದರೆ ಮಾತ್ರ ಸ್ವರ ಸಣ್ಣ ಮಾಡುತ್ತಾರೆ. ಅವನ ಲೋಟಕ್ಕೆ ಸುರಿದವರು ಯಾರು? ಮದುವೆಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಬಾಟಲಿ ಇಡುತ್ತಿದ್ದವರು ಯಾರು? ಹೆಸರು ಹೇಳುವುದಿಲ್ಲ, ಈ ಗುಂಪಿನಲ್ಲೇ ಇದ್ದಾರೆ, ಕೇಳಿಸಿಕೊಳ್ಳಲಿ. ಅವಳನ್ನು ಇಷ್ಟು ವರ್ಷ ಮೀಯಿಸಿ, ಉಣಿಸಿ ನೋಡಿಕೊಂಡಿದ್ದು ನಾನು. ಒಂದು ದೀಪಾವಳಿಗೆ ಒಂದು ಸೀರೆ ಹಿಡಿದು ಬಂದವರಿಲ್ಲ. ಆದರೆ ಜಮೀನು ಪಾಲಾಗುವಾಗ ಅವಳ ಸಹಿ ಬೇಕಿತ್ತು ನೋಡಿ, ಆಗ ಕಾರು ಮಾಡಿಕೊಂಡು ಬಂದರು. ಆ ದಿನ ಮಾತ್ರ ಅವಳಿಗೆ ನೆನಪು ಚೆನ್ನಾಗಿದೆ ಅಂತ ಎಲ್ಲರೂ ಒಪ್ಪಿದರು! ಗದ್ದೆ ಬದಿಯ ತೆಂಗಿನ ಸಾಲು ಯಾರಿಗೆ ಹೋಯಿತು, ಹೇಗೆ ಹೋಯಿತು, ಅದೆಲ್ಲ ನಾನು...

ಇರಲಿ. ನಿಮ್ಮ ದೊಡ್ಡಪ್ಪ ಇಲ್ಲಿಂದ ಕಣ್ಣು ಬಿಡುತ್ತಿದ್ದಾರೆ. ಕೂಸು ಕೇಳಿದ್ದೇನು, ನೀನು ಹೇಳ್ತಾ ಇರುವುದೇನು ಅಂತ. ಅದೂ ಹೌದು, ಕೇಳಿದ್ದಕ್ಕೆ ಉತ್ತರವೇ ಕೊಡಲಿಲ್ಲ.

ಭಾನುವಾರದ್ದು ರದ್ದು ಮಾಡಿ. ಡಾಕ್ಟರ್ ನೋಡುವವರೆಗೆ ಇಬ್ಬರೂ ಒಮ್ಮೆಲೇ ನಿಲ್ಲಿಸುವುದು ಬೇಡ. ನನ್ನ ಬಾಯಲ್ಲಿ ಈ ಮಾತು ಬರುವುದು ವಿಚಿತ್ರ ಅನಿಸಬಹುದು, ಆದರೂ ಹೇಳುತ್ತೇನೆ. ಗಾಡಿ ಮಾತ್ರ ಮುಟ್ಟುವುದು ಬೇಡ. ಇವತ್ತೇ 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಅಂತ, ಮಾನಸಿಕ ಆರೋಗ್ಯಕ್ಕೆ ಸರ್ಕಾರದ ಸಹಾಯವಾಣಿ, ದುಡ್ಡಿಲ್ಲ, ಹಗಲು ರಾತ್ರಿ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ವ್ಯಸನಕ್ಕೆ ಅಂತಲೇ 14446 ಬೇರೆ ಇದೆ. ಕಾರವಾರದ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕೇಳಿ. ಅಲ್ಲಿ ಆಗದಿದ್ದರೆ ಅರಬೈಲ್ ಘಟ್ಟ ಹತ್ತಿ ಧಾರವಾಡದ ಡಿಮ್ಹಾನ್ಸ್, ಸರ್ಕಾರದ ಮಾನಸಿಕ ಆರೋಗ್ಯದ ಆಸ್ಪತ್ರೆ ಅದು. ಕೈ ನಡುಕ ಜಾಸ್ತಿಯಾಗಿ ಏನೇನೋ ಕಾಣುತ್ತದೆ ಅಂದರೆ, ಅಥವಾ ಫಿಟ್ಸ್ ಬಂದರೆ, ಗುಂಪಿನಲ್ಲಿ ಕೇಳುತ್ತಾ ಕೂರಬೇಡ, 108 ಕರೆ.

ಎಲ್ಲಿಗೇ ಹೋದರೂ ಎರಡು ಚೀಟಿ ಮಾಡಿಸಿ. ಅವನಿಗೊಂದು, ಅವಳಿಗೊಂದು. ಇಬ್ಬರಿಗೂ ಬೇರೆ ಬೇರೆ ರಕ್ತ ಪರೀಕ್ಷೆ. ಬಿ1 ಇಂಜೆಕ್ಷನ್ ಇಬ್ಬರಿಗೂ ಬೇಕಾ ಅಂತ ನೀನೇ ಬಾಯಿಬಿಟ್ಟು ಕೇಳು. ಇಬ್ಬರೂ ಒಂದೇ ಸಮಯಕ್ಕೆ ಚಿಕಿತ್ಸೆ ಶುರು ಮಾಡುವುದು ಒಳ್ಳೆಯದೇ. ಒಬ್ಬರು ಬಿಟ್ಟು ಬಂದು, ಮನೆಯಲ್ಲಿ ಇನ್ನೊಬ್ಬರು ಬಾಟಲಿ ಇಟ್ಟುಕೊಂಡು ಕೂತಿದ್ದರೆ ಎಷ್ಟು ದಿನ ತಡೆಯುತ್ತದೆ? ಆದರೆ ಆ ಮೊದಲ ವಾರ ಬೇರೆ ಬೇರೆ ಹಾಸಿಗೆ, ರಾತ್ರಿ ಡಾಕ್ಟರ್ ಅಥವಾ ನರ್ಸ್ ಇರುವ ಜಾಗ. ಒಂದೇ ರೂಮು ಅಂತ ಆಸೆ ಹುಟ್ಟಿಸುವವರನ್ನು ಕೇಳು, ರಾತ್ರಿ ಯಾರಿರುತ್ತಾರೆ, ಹೆಂಗಸರ ವಾರ್ಡ್ ಇದೆಯಾ, ರಾಜ್ಯದ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಆಗಿದೆಯಾ. ಸುತ್ತಿ ಬಳಸಿ ಮಾತಾಡಿದರೆ ಬಿಟ್ಟುಬಿಡು.

ಹೆಂಗಸರಿಗೆ ಜಾಗ ಸಿಗುವುದೇ ಕಷ್ಟ. 2019ರಲ್ಲಿ ಬಂದ ದೇಶದ ಸರ್ವೆ ಪ್ರಕಾರ ಕುಡಿಯುವವರು ಗಂಡಸರಲ್ಲಿ ನೂರಕ್ಕೆ 27, ಹೆಂಗಸರಲ್ಲಿ ಎರಡಕ್ಕೂ ಕಮ್ಮಿ. ಹಾಗಾಗಿ ಹೆಚ್ಚಿನ ಕಡೆ ಗಂಡಸರಿಗಾಗಿಯೇ ಮಾಡಿಟ್ಟಿದ್ದಾರೆ. ಆದರೆ ಅದೇ ಕುಡಿತ ಹೆಂಗಸರ ಲಿವರನ್ನು ಬೇಗ ಹಾಳು ಮಾಡುತ್ತದೆ. ಅವಳದ್ದು ಆಮೇಲೆ ನೋಡುವಾ ಅಂತ ಯಾರಾದರೂ ಅಂದರೆ ನನ್ನ ಹೆಸರು ಹೇಳು.

ಪಾಪು ವಿಷಯ. ಅದಕ್ಕೆ ಇನ್ನೂ ಎರಡು ವರ್ಷ ಅಲ್ವಾ? 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಇದೆ, ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸುಮ್ನೆ ಬೇರೆ ಮಾಡುವ ಹಾಗಿಲ್ಲ. ಮಗು ಬಿಟ್ಟು ಹೇಗೆ ಹೋಗಲಿ ಅಂತ ಅತ್ತಿಗೆ ಹಿಂಜರಿದರೆ ಇದನ್ನು ಹೇಳು. ಅಗತ್ಯ ಬಿದ್ದರೆ ನನ್ನ ಹತ್ತಿರ ಬಿಡಿ, ಶಿರಸಿಗೆ ಕರೆತನ್ನಿ.

ಇನ್ನೊಂದು. ಕಾಫಿಯಲ್ಲಿ ಗುಟ್ಟಾಗಿ ಕುಡಿತ ಬಿಡಿಸುವ ಮಾತ್ರೆ, ಪುಡಿ ಹಾಕಿಸುವ ಯೋಚನೆ ಯಾರಾದರೂ ಕೊಟ್ಟರೆ ಕೇಳಬೇಡ. ಅಂಥ ಮಾತ್ರೆಯಲ್ಲಿ ಡೈಸಲ್ಫಿರಾಮ್ ಇದ್ದರೆ, ಗೊತ್ತಿಲ್ಲದೆ ಅದರ ಮೇಲೆ ಕುಡಿದವರಿಗೆ ಬಿಪಿ ಇಳಿದು ಎದೆ ಹೊಡೆದುಕೊಳ್ಳುತ್ತದೆ. ಡಾಕ್ಟರ್ ಕೊಟ್ಟು, ತಿನ್ನುವವರಿಗೆ ಗೊತ್ತಿದ್ದು ತಿಂದರೆ ಮಾತು ಬೇರೆ.

ಮೈ ಸುಧಾರಿಸಿದ ಮೇಲೆ ಇಬ್ಬರೂ ಒಟ್ಟಿಗೆ ಕೂರುವ ಕೌನ್ಸೆಲಿಂಗ್ ಕೇಳಿ. ನಮ್ಮ ಮಗಳು ನರ್ಸ್ ಅಲ್ವಾ, ಅವಳು ಹೇಳಿದಳು. ಅಮೆರಿಕದಲ್ಲಿ ಓಫ್ಯಾರೆಲ್ ಅನ್ನುವವರು ಬೆಳೆಸಿದ ಒಂದು ಪದ್ಧತಿ ಇದೆಯಂತೆ. ದಿನಾ ಒಂದು ಹೊತ್ತು ಕೂತು, ಇವತ್ತು ಕುಡಿಯುವುದಿಲ್ಲ ಅಂತ ಒಬ್ಬರು ಹೇಳಬೇಕು, ಇನ್ನೊಬ್ಬರು ಒಳ್ಳೆಯ ಮಾತಾಡಬೇಕು. ಆಗ ಹಳೇ ಜಗಳ ತೆಗೆಯುವ ಹಾಗಿಲ್ಲ. ಆದರೆ ಅದನ್ನು ಮಾಡಿದ್ದು ಒಬ್ಬರು ಮಾತ್ರ ಕುಡಿಯುವ ಜೋಡಿಗಂತೆ. ಇಬ್ಬರೂ ಕುಡಿಯುವವರಾದರೆ ಒಬ್ಬರನ್ನು ಇನ್ನೊಬ್ಬರ ಕಾವಲಿಗೆ ಇಡಬಾರದು, ಇಬ್ಬರಿಗೂ ಅವರವರದ್ದೇ ಸಲಹೆಗಾರರು ಬೇಕು. ಒಬ್ಬರು ಜಾರಿದ ರಾತ್ರಿ ಇನ್ನೊಬ್ಬರು ಎಲ್ಲಿಗೆ ಹೋಗಿ ಮಲಗಬೇಕು ಅನ್ನುವುದನ್ನೂ ಮೊದಲೇ ಹೇಳಿಕೊಂಡಿರಬೇಕು. ಕಾರವಾರದಲ್ಲಿ ನಿನ್ನ ಮನೆ ಇದೆಯಲ್ಲ, ಒಂದು ಕೋಣೆ ಖಾಲಿ ಇಡು.

ಸಂಜೆ ಏಳರಿಂದ ಒಂಬತ್ತು ಅಂದೆನಲ್ಲ, ಆ ಹೊತ್ತು ಅವರು ಏನು ಮಾಡಬೇಕು ಅಂತಲೂ ಅಲ್ಲಿ ಕೇಳಿ. ಮೈದುನನ ಮನೆಯಲ್ಲಿ ಕುಡಿತ ಹೋದ ಮೇಲೆ ಆ ಹೊತ್ತಿಗೆ ಇಬ್ಬರೂ ಎರಡು ದಿಕ್ಕಿಗೆ ಮುಖ ಹಾಕಿ ಕೂರುತ್ತಿದ್ದರು. ಮಾತಾಡಲು ಏನೂ ಇರಲಿಲ್ಲ.

ಫೋನ್ ಚಾರ್ಜ್ ಕಮ್ಮಿ ತೋರಿಸ್ತಾ ಇದೆ. ಧಾರವಾಡಕ್ಕೆ ಹೋಗುವುದಾದರೆ ಸಂಜೆಯೊಳಗೆ ಹೇಳಿ, ಕಾರಿನವನಿಗೆ ತಿಳಿಸಬೇಕು. ಇಬ್ಬರ ಆಧಾರ್ ಕಾರ್ಡೂ ಇಟ್ಟುಕೊಳ್ಳಿ. ಕೈ ಮುಗಿದ ಚಿತ್ರ ಹಾಕಿದವರಲ್ಲಿ ಯಾರು ಜೊತೆಗೆ ಬರುತ್ತೀರಿ, ಅದನ್ನೂ ಇಲ್ಲೇ ಹಾಕಿ.