ಲೀನಿಯರ್ ಪ್ರೋಗ್ರಾಮಿಂಗ್, ಆಪ್ಟಿಮೈಸೇಶನ್: ಇವಕ್ಕೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಸೈನ್ಯದ ಸರಬರಾಜಿನಲ್ಲಿ ಗಣಿತ ಹೇಗೆ ಬಳಕೆಯಾಗುತ್ತದೆ ಅನ್ನುವುದರ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕೆಲವು ಪದಗಳಲ್ಲಿ ಗಾಡಿ ನಿಂತಿದೆ. ಮುಖ್ಯವಾಗಿ ಎರಡು: ‘ಲೀನಿಯರ್ ಪ್ರೋಗ್ರಾಮಿಂಗ್’ ಮತ್ತು ‘ಆಪ್ಟಿಮೈಸೇಶನ್’. ಮೊದಲನೆಯದು, ಖರ್ಚು ಸಾಮಾನಿನ ಪ್ರಮಾಣಕ್ಕೆ ತಕ್ಕಂತೆ ಏರುವಾಗ, ಇರುವ ಮಿತಿಯೊಳಗೆ ಅತಿ ಕಡಿಮೆ ಖರ್ಚಿನ ಏರ್ಪಾಡು ಹುಡುಕುವ ಲೆಕ್ಕ. ಎರಡನೆಯದು, ಹೀಗೆ ಇದಕ್ಕಿಂತ ಒಳ್ಳೆಯದು ಇಲ್ಲ ಅನ್ನುವ ಉತ್ತರ ಹುಡುಕುವ ಕೆಲಸ. ಸುಮ್ನೆ ಹಾಗೇ ಕನ್ನಡ ಅಕ್ಷರದಲ್ಲಿ ಬರೆದು ಮುಂದೆ ಹೋಗಬಹುದು, ನಿಜ. ಆದರೆ ಪ್ರೋಗ್ರಾಮಿಂಗ್ ಅಂದ ಕೂಡಲೇ ಓದುವವರ ಕಣ್ಣಮುಂದೆ ಬರುವುದು ಕಂಪ್ಯೂಟರು, ಕೋಡು. ಇಲ್ಲಿ ಅದಲ್ಲವೇ ಅಲ್ಲ. ಇನ್ನು ‘ರೇಖೀಯ ಕಾರ್ಯಕ್ರಮ’ ಅಂತ ಬರೆದರೆ ಸಭೆ, ಸ್ವಾಗತ ಭಾಷಣ, ವಂದನಾರ್ಪಣೆ ನೆನಪಾಗುತ್ತದೆ!

ಈ ಹೆಸರು ಬಂದದ್ದು ಅಮೆರಿಕದ ವಾಯುಪಡೆಯ ಕಚೇರಿಯಿಂದ. ಎರಡನೇ ಮಹಾಯುದ್ಧದ ಕಾಲಕ್ಕೆ ಅಲ್ಲಿ ‘ಪ್ರೋಗ್ರಾಂ’ ಅಂದರೆ ಎಷ್ಟು ಜನಕ್ಕೆ ಯಾವಾಗ ತರಬೇತಿ, ಎಷ್ಟು ಬಿಡಿಭಾಗ ತರಿಸಬೇಕು, ಯಾವ ತುಕಡಿ ಯಾವ ನೆಲೆಗೆ ಯಾವತ್ತು ತಲುಪಬೇಕು ಅನ್ನುವ ಮುಂಚಿನ ಏರ್ಪಾಡು. ಇದನ್ನು ಬೇಗ ಮಾಡುವ ದಾರಿ ಹುಡುಕಿ ಅಂತ ಅಲ್ಲಿದ್ದ ಗಣಿತಜ್ಞ ಜಾರ್ಜ್ ಡ್ಯಾಂಟ್ಸಿಗ್ ಅವರಿಗೆ ಹೇಳಿದ್ದರು. 1947ರಲ್ಲಿ ಅವರು ಇಂಥ ಲೆಕ್ಕವನ್ನು ಹಂತಹಂತವಾಗಿ ಬಿಡಿಸುವ ಸಿಂಪ್ಲೆಕ್ಸ್ ವಿಧಾನ ಕಂಡುಕೊಂಡರು. ಅವರು ಮೊದಲು ಇಟ್ಟಿದ್ದ ಹೆಸರು ಉದ್ದವಾಗಿತ್ತು. ಅದನ್ನು ಮೊಟಕು ಮಾಡಿ ‘ಲೀನಿಯರ್ ಪ್ರೋಗ್ರಾಮಿಂಗ್’ ಅನ್ನಿ ಅಂತ 1948ರಲ್ಲಿ ಸೂಚಿಸಿದವರು ಅರ್ಥಶಾಸ್ತ್ರಜ್ಞ ಚಾಲಿಂಗ್ ಕೂಪ್‌ಮನ್ಸ್. ಯುದ್ಧದ ಸಮಯದಲ್ಲಿ ಕೂಪ್‌ಮನ್ಸ್ ಮಾಡುತ್ತಿದ್ದದ್ದೂ ಹಡಗುಗಳ ಲೆಕ್ಕವೇ. ಸರಕು ಇಳಿಸಿ ಖಾಲಿಯಾದ ಹಡಗನ್ನು ಯಾವ ಬಂದರಿಗೆ ಕಳಿಸಿದರೆ ಖಾಲಿ ಓಡಾಟ ಕಡಿಮೆಯಾದೀತು ಅನ್ನುವುದು.

ಆಗ ಈ ಲೆಕ್ಕ ಮಾಡುವ ಕಂಪ್ಯೂಟರೇ ಇರಲಿಲ್ಲ ಅನ್ನುವುದನ್ನೂ ಗಮನಿಸಿ. ಸಿಂಪ್ಲೆಕ್ಸ್ ವಿಧಾನದ ಮೊದಲ ದೊಡ್ಡ ಪರೀಕ್ಷೆ 77 ಆಹಾರ ಪದಾರ್ಥ, 9 ಪೋಷಕಾಂಶಗಳ ಒಂದು ಲೆಕ್ಕ: ಬೇಕಾದಷ್ಟು ಪೋಷಣೆ ಸಿಗುವ ಅತಿ ಅಗ್ಗದ ಊಟ ಯಾವುದು? ಒಂಬತ್ತು ಗುಮಾಸ್ತರು ಮೇಜಿನ ಮೇಲಿಡುವ ಲೆಕ್ಕದ ಯಂತ್ರ ಹಿಡಿದು ಕೂತರು. ಸುಮಾರು 120 ಮಾನವ ದಿನ ಹಿಡಿಯಿತು. ಕೋಡಿಂಗ್ ಎಲ್ಲಿಂದ ಬಂತು ಇಲ್ಲಿ?

ಹಾಗಾಗಿ ನನ್ನ ಓಟು ‘ಯೋಜನೆ’ಗೆ. ಶಾಲೆಯ ಪುಸ್ತಕದಲ್ಲಿ ‘ರೇಖಾತ್ಮಕ ಸಮೀಕರಣ’ ಓದಿದವರಿಗೆ ‘ರೇಖಾತ್ಮಕ ಯೋಜನೆ’ ಕಷ್ಟ ಆಗಲಾರದು. ಅರ್ಧ ಲಾರಿ ಕಳಿಸಲು ಆಗದ ಕಡೆ ಬಳಸುವ ಲೆಕ್ಕ ‘ಪೂರ್ಣಾಂಕ ಯೋಜನೆ’ ಆಗುತ್ತದೆ. ಇದಕ್ಕೆ ಇನ್ನೊಂದು ಬೆಂಬಲವೂ ಇದೆ. ಡ್ಯಾಂಟ್ಸಿಗ್‌ಗಿಂತ ಮೊದಲೇ, 1939ರಲ್ಲಿ, ಲೆನಿನ್‌ಗ್ರಾಡಿನ ಗಣಿತಜ್ಞ ಲಿಯೊನಿಡ್ ಕಾಂಟರೊವಿಚ್ ಪ್ಲೈವುಡ್ ಕಾರ್ಖಾನೆಯ ಯಂತ್ರಗಳಿಗೆ ಕೆಲಸ ಹಂಚುವ ಪ್ರಶ್ನೆಯಿಂದ ಹೊರಟು ಇದೇ ಗಣಿತಕ್ಕೆ ಬಂದಿದ್ದರು, ಅವರ ಪುಸ್ತಿಕೆಯ ಹೆಸರಲ್ಲೇ ಉತ್ಪಾದನೆಯ ಸಂಘಟನೆ ಮತ್ತು ಯೋಜನೆ ಅನ್ನುವ ಮಾತಿದೆ. (1975ರ ಅರ್ಥಶಾಸ್ತ್ರದ ನೊಬೆಲ್ ಕಾಂಟರೊವಿಚ್ ಮತ್ತು ಕೂಪ್‌ಮನ್ಸ್ ಇಬ್ಬರಿಗೂ ಸಿಕ್ಕಿತು. ಡ್ಯಾಂಟ್ಸಿಗ್‌ಗೆ ಸಿಗಲಿಲ್ಲ. ಅದು ಬೇರೆಯೇ ಜಗಳ.)

‘ನಿಯೋಜನೆ’ ಯಾಕಾಗಬಾರದು ಅಂತ ಕೇಳಬಹುದು. ಪಡೆ ನಿಯೋಜನೆ, ಸಿಬ್ಬಂದಿ ನಿಯೋಜನೆ ಅಂತ ಪತ್ರಿಕೆಗಳಲ್ಲಿ ದಿನಾ ಓದುತ್ತೇವಲ್ಲ. ಆದರೆ ಯಾರನ್ನು ಯಾವ ಕೆಲಸಕ್ಕೆ ಹಚ್ಚಬೇಕು ಅನ್ನುವ ಪ್ರತ್ಯೇಕ ಲೆಕ್ಕವೇ ಈ ಶಾಸ್ತ್ರದಲ್ಲಿದೆ. ಆ ಪದವನ್ನು ಅದಕ್ಕೆ ಎತ್ತಿಡುವುದು ಒಳ್ಳೆಯದು. ‘ಹಮ್ಮುಗೆ’ ಅನ್ನುವವರೂ ಇದ್ದಾರೆ. ಕೇಳಲು ಚೆನ್ನಾಗಿದೆ, ಆದರೆ ಪ್ರತಿ ಸಲ ಅರ್ಥ ಬಿಡಿಸಿ ಹೇಳಬೇಕಾಗುತ್ತದೆ.

ಈಗ ನಿಜವಾದ ತಲೆನೋವು, ಆಪ್ಟಿಮೈಸೇಶನ್. ಒಂದು ಸಣ್ಣ ಲೆಕ್ಕ ಇಟ್ಟುಕೊಂಡು ನೋಡೋಣ. ಅ, ಬ ಅಂತ ಎರಡು ಉಗ್ರಾಣ, ಒಂದೊಂದರಲ್ಲೂ 30 ಟನ್ ಸಾಮಾನು. ಕ, ಗ ಅಂತ ಎರಡು ಠಾಣೆ, ಒಂದೊಂದಕ್ಕೂ 30 ಟನ್ ಬೇಕು. ಒಂದು ಟನ್ ಸಾಗಿಸಲು ಅ ಇಂದ ಕಗೆ 2 ಲೀಟರ್ ಇಂಧನ, ಅ ಇಂದ ಗಗೆ 3, ಬ ಇಂದ ಕಗೆ 4, ಬ ಇಂದ ಗಗೆ 9. ಯಾರೇ ಆದರೂ ಮೊದಲು ಅತಿ ಅಗ್ಗದ ದಾರಿ ಹಿಡಿಯುತ್ತಾರೆ, ಅಲ್ವಾ? ಅ ಇಂದ ಕಗೆ 60 ಲೀಟರ್. ಆಮೇಲೆ ಉಳಿದ ಒಂದೇ ದಾರಿ ಬ ಇಂದ ಗಗೆ, ಅದಕ್ಕೆ 270. ಒಟ್ಟು 330. ಅದರ ಬದಲು ಅ ಉಗ್ರಾಣದ ಸಾಮಾನನ್ನು ಗಗೆ, ಬ ಉಗ್ರಾಣದ್ದನ್ನು ಕಗೆ ಕಳಿಸಿ: 90 ಮತ್ತು 120, ಒಟ್ಟು 210. ಅತಿ ಅಗ್ಗದ ದಾರಿಯಲ್ಲಿ ಒಂದು ಲಾರಿಯೂ ಓಡಲಿಲ್ಲ, ಆದರೂ ಖರ್ಚು ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಇಳಿಯಿತು. ಇಲ್ಲಿ ಎರಡೇ ಠಾಣೆ, ಬಾಯಲ್ಲೇ ಲೆಕ್ಕ ಹಾಕಬಹುದು. ನೂರಾರು ನೆಲೆ, ಹತ್ತಾರು ಬಗೆಯ ಸಾಮಾನು, ಬೇರೆ ಬೇರೆ ತೂಕ ಹೊರುವ ವಿಮಾನ ಅಂತಾದಾಗ ಸಿಂಪ್ಲೆಕ್ಸ್ ಬೇಕು.

ಈ 210ಕ್ಕೆ ಏನನ್ನೋಣ? ‘ಅತ್ಯುತ್ತಮ’ ಅಂದರೆ ತಪ್ಪು ದಾರಿಗೆ ಎಳೆಯುತ್ತದೆ. ಅದು ಉತ್ತಮವಾಗಿರುವುದು ಇಂಧನದ ಮಟ್ಟಿಗೆ ಮಾತ್ರ. ಅ ಇಂದ ಗಗೆ ಹೋಗುವ ರಸ್ತೆ ಶತ್ರುವಿನ ಫಿರಂಗಿಗೆ ಸಿಗುವಂತಿದ್ದರೆ ಅದೇ ಉತ್ತರ ಅತಿ ಕೆಟ್ಟದ್ದಾಗಬಹುದು. ‘ಗರಿಷ್ಠೀಕರಣ’ ಆಗದು, ಇಲ್ಲಿ ಮಾಡುತ್ತಿರುವುದು ಕನಿಷ್ಠ. ‘ಉತ್ತಮಗೊಳಿಸುವಿಕೆ’ ಅಂದರೆ 330ರಿಂದ 300ಕ್ಕೆ ಇಳಿಸಿದರೂ ಆಯಿತು, ಕೊನೆ ಮುಟ್ಟಬೇಕು ಅನ್ನುವ ಹಟ ಆ ಪದದಲ್ಲಿ ಇಲ್ಲ. ‘ಹದ’ ನನಗೆ ತುಂಬಾ ಇಷ್ಟದ ಪದ, ಆದರೆ ಹದ ಅಂದರೆ ಅತಿಯೂ ಅಲ್ಲದ ಕಡಿಮೆಯೂ ಅಲ್ಲದ ನಡುವಿನ ಜಾಗ. ರೇಖಾತ್ಮಕ ಯೋಜನೆಯಲ್ಲಿ ಸಾಧ್ಯವಿರುವ ಏರ್ಪಾಡುಗಳನ್ನೆಲ್ಲ ಒಂದು ಆಕೃತಿ ಅಂದುಕೊಂಡು ಉತ್ತರವನ್ನು ಅದರ ಮೂಲೆಗಳಲ್ಲಿ ಹುಡುಕುತ್ತಾರೆ, ಸಿಂಪ್ಲೆಕ್ಸ್ ಮೂಲೆಯಿಂದ ಮೂಲೆಗೇ ನಡೆಯುತ್ತದೆ. ಮೇಲಿನ ಲೆಕ್ಕದಲ್ಲೇ ನೋಡಿ, ಎರಡು ದಾರಿ ಪೂರ್ತಿ ತುಂಬಿವೆ, ಎರಡು ಪೂರ್ತಿ ಖಾಲಿ. ಇದನ್ನು ಹದ ಅನ್ನಲು ಮನಸ್ಸು ಒಪ್ಪುತ್ತಿಲ್ಲ.

ಸದ್ಯಕ್ಕೆ ‘ಅತಿಸೂಕ್ತ’ ಬಳಸುತ್ತಿದ್ದೇನೆ. ಸೂಕ್ತ ಅಂದ ಕೂಡಲೇ ‘ಯಾವುದಕ್ಕೆ ಸೂಕ್ತ?’ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಆ ಪ್ರಶ್ನೆ ಏಳಲೇಬೇಕು, ಯಾಕೆಂದರೆ ಗುರಿ ಯಾವುದು ಅಂತ ಹೇಳುವುದು ಗಣಿತವಲ್ಲ, ಸೇನಾಧಿಕಾರಿ.

ಇನ್ನೊಂದು ಪದ, ‘ಶ್ಯಾಡೋ ಪ್ರೈಸ್’. ಅ ಉಗ್ರಾಣದಲ್ಲಿ ಇನ್ನೊಂದೇ ಟನ್ ಜಾಸ್ತಿ ಇದ್ದಿದ್ದರೆ ಒಟ್ಟು ಖರ್ಚು 208 ಲೀಟರ್ ಆಗುತ್ತಿತ್ತು. ಅಂದರೆ ಆ ಒಂದು ಟನ್ ಅಲ್ಲಿರುವುದಕ್ಕೆ 2 ಲೀಟರಿನ ಬೆಲೆ. ಮುಂದಿನ ಸಲ ಯಾವ ಉಗ್ರಾಣ ತುಂಬಿಸಬೇಕು ಅಂತ ಹೇಳುವುದೇ ಈ ಅಂಕಿ. ‘ನೆರಳು ಬೆಲೆ’ ಅಂದರೆ ಏನೂ ತಿಳಿಯುವುದಿಲ್ಲ, ಕಾಳಸಂತೆಯ ವಾಸನೆ ಬೇರೆ. ‘ಒಳಬೆಲೆ’ ಹೇಗೆ?

‘ಆಪರೇಶನ್ಸ್ ರಿಸರ್ಚ್’ ಬಗ್ಗೆ ನನಗೆ ಅಷ್ಟು ಚಿಂತೆ ಇಲ್ಲ. ‘ಕಾರ್ಯಾಚರಣೆ ಸಂಶೋಧನೆ’ ಸಾಕು. ಅದರ ಹುಟ್ಟೂ ಸೈನ್ಯದಲ್ಲೇ, ಬ್ರಿಟನ್ನಿನಲ್ಲಿ ರೇಡಾರನ್ನು ಕಟ್ಟಿದ ಮೇಲೆ ಅದನ್ನು ಬಳಸುವುದು ಹೇಗೆ ಅನ್ನುವುದನ್ನೇ ಅಧ್ಯಯನ ಮಾಡಲು ಹೊರಟಾಗ. ಭೌತವಿಜ್ಞಾನಿ ಪ್ಯಾಟ್ರಿಕ್ ಬ್ಲ್ಯಾಕೆಟ್ ಅವರ ತಂಡ ಅಟ್ಲಾಂಟಿಕ್ ಸಾಗರದ ಸರಕು ಹಡಗುಗಳ ಲೆಕ್ಕ ತೆಗೆದು, ಗುಂಪು ದೊಡ್ಡದಾದರೂ ಮುಳುಗುವ ಹಡಗುಗಳ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಆದ್ದರಿಂದ ಗುಂಪು ದೊಡ್ಡದು ಮಾಡಿ ಅಂದಿತು. ಹೊಸ ಆಯುಧ ಬೇಡ, ಇರುವುದನ್ನೇ ಬೇರೆ ರೀತಿ ನಡೆಸಿ ಅಂತ. ಕಾರ್ಯಾಚರಣೆ ಅನ್ನುವುದು ಅಲ್ಲಿ ಸರಿಯಾಗಿ ಕೂರುತ್ತದೆ.

‘ಲಾಜಿಸ್ಟಿಕ್ಸ್’ಗೆ ‘ಸರಬರಾಜು’ ಸಾಲದು. ರಿಪೇರಿ, ಗಾಯಾಳುಗಳನ್ನು ಹಿಂದಕ್ಕೆ ತರುವುದು, ಪಡೆಗೆ ತಂಗಲು ಜಾಗ, ಎಲ್ಲ ಅದರಲ್ಲಿ ಬರುತ್ತದೆ. ಸೈನ್ಯದ ಅರ್ಥದಲ್ಲಿ ಆ ಪದಕ್ಕೆ ಬೀಡುದಾಣ ಅನ್ನುವ ಅರ್ಥದ ಫ್ರೆಂಚ್ ಮಾತೇ ಮೂಲ ಅನ್ನುತ್ತಾರೆ. ನಮ್ಮ ಶಾಸನಗಳ ‘ನೆಲೆವೀಡು’ ನೆನಪಾಯಿತು, ಆದರೆ ಈಗ ಅದನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚುವುದು ಅತಿಯಾದೀತು. ಸದ್ಯಕ್ಕೆ ಲಾಜಿಸ್ಟಿಕ್ಸ್ ಹಾಗೇ ಇರಲಿ.

ನನಗೆ ತುರ್ತಾಗಿ ಬೇಕಿರುವುದು ಕ್ರಿಯಾಪದ. ‘ಅತಿಸೂಕ್ತ ಯೋಜನೆ’ ಅಂತ ಬರೆಯಬಹುದು, ‘ಅತಿಸೂಕ್ತಗೊಳಿಸು’ ನಾಲಿಗೆಗೆ ಹತ್ತುವುದಿಲ್ಲ. ಬಲ್ಲವರು ಈ ವಾಕ್ಯದ ಖಾಲಿ ಜಾಗ ತುಂಬಿಕೊಡಿ: ‘ಇಂಧನದ ಮಟ್ಟಿಗೆ ಲಾರಿಗಳ ಓಡಾಟವನ್ನು ______ ಅಧಿಕಾರಿ ಆದೇಶಿಸಿದರು.’