ಮಂಗಟ್ಟೆ ಫೋಟೋ ಮತ್ತು ಹತ್ತನೇ ಕ್ಲಾಸಿನ ಗುಂಪು

ರವಿ: (ಫೋಟೋ) ದಾಂಡೇಲಿ, ಭಾನುವಾರ ಬೆಳಿಗ್ಗೆ. ಗಂಡು ಮಂಗಟ್ಟೆ (ಹಾರ್ನ್‌ಬಿಲ್), ಕೊಕ್ಕಲ್ಲಿ ಆಲದ ಹಣ್ಣು. ನಾಲ್ಕು ತಾಸು ಕಾದಿದ್ದಕ್ಕೆ ಒಂದು ಫ್ರೇಮ್ ಸಿಕ್ತು.

ಸುಮಾ: ಅಬ್ಬಾ! ಕಣ್ಣಿನ ಕೆಂಪು ಕೂಡ ಎಷ್ಟು ಚೆನ್ನಾಗಿ ಬಂದಿದೆ.

ಗಣಪತಿ: ಫೋಟೋಕ್ಕೆ ಎರಡು ಮಾತಿಲ್ಲ. ಆದ್ರೆ ಹಿಂದೆ ಕಾಣೋದು ಗೂಡಿನ ಪೊಟರೆ ಅಲ್ವಾ?

ರವಿ: ಹೌದು. 600 ಎಂಎಂ ಲೆನ್ಸ್ ಮಾರಾಯ, ದೂರಾನೇ ನಿಂತಿದ್ದೆ.

ಗಣಪತಿ: ಹಕ್ಕಿ ಬಂದ ಕೂಡ್ಲೆ ಗೂಡಿಗೆ ಹೋಯ್ತಾ?

ರವಿ: ಇಲ್ಲ, ಪಕ್ಕದ ಮರದಲ್ಲಿ ಅರ್ಧ ತಾಸು ಕೂತಿತ್ತು. ಆರಾಮಾಗಿ ಪೋಸ್ ಕೊಡ್ತು.

ಗಣಪತಿ: ಪೋಸ್ ಅಲ್ಲ ಮಾರಾಯ, ನಿನ್ನನ್ನ ನೋಡಿ ಹೆದರಿ ಕೂತದ್ದು. ಹೆಣ್ಣು ಒಳಗೆ ಸೇರ್ಕೊಂಡು ಬಾಗಿಲು ಮೆತ್ಕೊಂಡಿರ್ತದೆ, ಕೊಕ್ಕು ತೂರೋಷ್ಟೇ ಸೀಳು. ರೆಕ್ಕೆ ಗರಿನೂ ಉದುರಿರ್ತದೆ, ಹಾರೋಕಾಗಲ್ಲ. ತಿಂಗಳುಗಟ್ಟಲೆ ಗಂಡು ತಂದ್ರೆ ಊಟ, ಇಲ್ದಿದ್ರೆ ಉಪವಾಸ. ನೀನು ಎದ್ದು ಹೋದ ಮೇಲೆ ಇನ್ನೊಬ್ಬ ಟ್ರೈಪಾಡ್ ಇಟ್ರೆ?

ನಾಗರಾಜ: ಅತಿಯಾಯ್ತು ಗಣಪ. ಜನ ಇಂಥ ಫೋಟೋ ನೋಡಿದ್ರೆ ತಾನೆ ಕಾಡು ಬೇಕು ಅನ್ನೋದು? ನಮ್ಮ ಮಕ್ಕಳಿಗೆ ಮಂಗಟ್ಟೆ ಗೊತ್ತಾಗಿದ್ದೇ ಇಂಥವರಿಂದ.

ಗಣಪತಿ: ತೆಗೀಬೇಡ ಅಂದ್ನಾ? ಆಲದ ಮರದ ಹತ್ರ ಕೂರ್ಲಿ, ಹಣ್ಣಾದಾಗ ತಾನಾಗೇ ಬರ್ತವೆ. ಗೂಡು ಬಿಡಿ ಅಷ್ಟೆ. ಒಮ್ಮೆ ಒಗ್ಗಿದ ಪೊಟರೆಗೇ ವರ್ಷವರ್ಷ ಬರ್ತವೆ.

ರವಿ: ಸರಿ ಸ್ವಾಮಿ. ನಿಮ್ಮ ಸೊಪ್ಪಿನ ಬೆಟ್ಟದಲ್ಲಿ ಅಡಿಕೆ ತೋಟಕ್ಕೆ ಸೊಪ್ಪು ಬೇಕು ಅಂತ ಮರ ಬೋಳಿಸ್ತೀರಲ್ಲ, ಅದೇನು? ನನ್ನ ಕ್ಯಾಮೆರಾ ಮಾತ್ರ ಕಣ್ಣಿಗೆ ಬೀಳ್ತದಾ?

ಗಣಪತಿ: ಬೈಯಿ, ಒಪ್ತೇನೆ. ಅಪ್ಪನ ಕಾಲದಲ್ಲಿ ನಮ್ಮ ಬೆಟ್ಟದಲ್ಲಿ ಇಬ್ಬರು ತಬ್ಬಿದ್ರೂ ಸಿಗದ ಮರ ಇತ್ತು, ಈಗ ಕೊನೆಗೊಂದು ಉಳಿದಿದೆ. ಆಚೆ ಗುಡ್ಡಕ್ಕೆ ಅಕೇಶಿಯಾ ನೆಟ್ರು, ಹಸಿರಂತೂ ಹಸಿರೇ. ಅದರಲ್ಲಿ ಮಂಗಟ್ಟೆ ಹೊಗೋ ಪೊಟರೆ ಒಂದು ಹುಡುಕಿ ತೋರ್ಸು ನೋಡೋಣ.

ಸುಮಾ: ಪೊಟರೆ ಆಗೋಕೆ ಮರಕ್ಕೆ ವಯಸ್ಸಾಗ್ಬೇಕಲ್ಲ.

ರವಿ: ಫೇಸ್‌ಬುಕ್ಕಲ್ಲಿ ದಾರಿ ಸಮೇತ ಬರ್ದಿದ್ದೆ. ಈಗ ತೆಗ್ದೆ. ಆಗ್ಲೇ ಎಷ್ಟು ಜನ ಶೇರ್ ಮಾಡಿದಾರೋ.

ಪ್ರಕಾಶ: ಈಗ ನೋಡ್ದೆ, ಸೂಪರ್ ಮಗಾ! ಮೇಲಿನ ಮೆಸೇಜೆಲ್ಲ ಓದಿಲ್ಲ. ಬರೋ ಶನಿವಾರ ಮಕ್ಕಳನ್ನ ಕರ್ಕೊಂಡು ಹೋಗ್ತಿದೀನಿ, ಗೂಡಿನ ಲೊಕೇಶನ್ ಹಾಕು.