ಸಹಾಯ ಬೇಕು: ಲಿಂಕ್ಡ್‌ಇನ್‌ನಲ್ಲಿ ಕಿರುಕುಳ ಕೊಟ್ಟವನ ಹೆಸರು ಹಾಕಿ ಬರೆದರೆ ಕೆಲಸಕ್ಕೆ ಕುತ್ತಾ?

ವಕೀಲರು, ಎಚ್‌ಆರ್‌ನವರು ಇದ್ದರೆ ದಯವಿಟ್ಟು ನೋಡಿ. ತೀರ್ಥಹಳ್ಳಿ ಕಡೆ ಮನೆಯಿಂದಲೇ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗೆ ಕೆಲಸ ಮಾಡೋ ಹುಡುಗಿಯ ವಿಷಯ. ಮ್ಯಾನೇಜರ್ ರಾತ್ರಿ ಹೊತ್ತು ಅಸಭ್ಯ ಮೆಸೇಜ್ ಕಳಿಸ್ತಿದ್ದ. ಕೊನೆಯದು ಬಂದು ಹತ್ತು ವಾರ ಆಯ್ತು. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯೋ 2013ರ ಕಾಯ್ದೆ (POSH) ಪ್ರಕಾರ, ಇಂಥ ದೂರು ವಿಚಾರಿಸೋ ಕಂಪನಿಯ ಆಂತರಿಕ ಸಮಿತಿಗೆ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು, ಅಂದ್ರೆ ಉಳಿದಿರೋದು ಮೂರೇ ವಾರ. (ತಡವಾದ್ರೆ ಕಾರಣ ಬರೆದು ಇನ್ನೂ ಮೂರು ತಿಂಗಳು ಕೇಳಬಹುದು, ಒಪ್ಪೋದು ಬಿಡೋದು ಸಮಿತಿಗೆ ಬಿಟ್ಟಿದ್ದು.)

ಚಾಟ್‌ಗಳನ್ನ ದಿನಾಂಕ, ಸಮಯ ಕಾಣೋ ಹಾಗೆ ಫೋನಲ್ಲೇ ಫೋಟೋ ತೆಗೆದಿಟ್ಟಾಗಿದೆ. ಆಫೀಸ್ ಮೇಲ್‌ನಿಂದ ಸ್ವಂತ ಮೇಲ್‌ಗೆ ಕಳಿಸಿಲ್ಲ. ಹಾಗೆ ಮಾಡಿದ್ರೆ ಡೇಟಾ ಕದ್ದಳು ಅಂತ ಅದನ್ನೇ ತಿರುಗಿಸ್ತಾರೆ. ಎಚ್‌ಆರ್‌ಗೆ ಬಾಯಿಮಾತಲ್ಲಿ ಹೇಳಿದ್ದಕ್ಕೆ "ನೋಡೋಣ" ಅಂದ್ರು, ಅಷ್ಟೇ. ಬಾಯಿಮಾತಿಗೆ ದಾಖಲೆ ಎಲ್ಲಿಂದ ಬರಬೇಕು!

ಈಗ ಅವಳಿಗೆ ಎಲ್ಲರೆದುರು ಬರೆದುಬಿಡೋಣ ಅನ್ನಿಸ್ತಿದೆ. ಗೊಂದಲ ಇರೋದೇ ಇಲ್ಲಿ. ದೂರಿನ ವಿವರ, ಇಬ್ಬರ ಗುರುತು ಬಹಿರಂಗ ಮಾಡಬಾರದು ಅನ್ನುತ್ತೆ ಅದೇ ಕಾಯ್ದೆಯ 16ನೇ ಸೆಕ್ಷನ್. ಆದ್ರೆ 17ರ ದಂಡ ಇರೋದು ದೂರು ನಿರ್ವಹಿಸೋ ಹೊಣೆ ಇದ್ದವರಿಗೆ. ಜೊತೆಗೆ ಭಾರತೀಯ ನ್ಯಾಯ ಸಂಹಿತೆಯ 356ರಡಿ ಮಾನನಷ್ಟ ಕೇಸಿನ ಭಯ ಬೇರೆ. ಕೆಲಸ ಬಿಡೋಣ ಅಂದ್ರೆ ನೋಟಿಸ್ ಪೀರಿಯಡ್ 90 ದಿನ. ರಿಲೀವಿಂಗ್ ಲೆಟರ್ (ಕೆಲಸ ಬಿಟ್ಟಾಗ ಕಂಪನಿ ಕೊಡೋ ಬಿಡುಗಡೆ ಪತ್ರ) ತಡೆದ್ರೆ ಹೊಸ ಕೆಲಸ ಮುಂದಿನ ಕಂಪನಿಯ ಹಿನ್ನೆಲೆ ಪರಿಶೀಲನೆಯಲ್ಲೇ ಸಿಕ್ಕಿಬೀಳುತ್ತೆ.

ನನ್ನ ಪ್ರಶ್ನೆ ಎರಡೇ: 16ನೇ ಸೆಕ್ಷನ್ ದೂರು ಕೊಟ್ಟವಳ ಬಾಯನ್ನೂ ಕಟ್ಟುತ್ತಾ? ಮೊದಲು ಸಮಿತಿಗೆ ದೂರು ಕೊಟ್ಟು, ರಿಲೀವಿಂಗ್ ಲೆಟರ್ ಕೈಗೆ ಬಂದಮೇಲೆ ಅವನ ಹೆಸರಿಲ್ಲದೆ ಬರೆದ್ರೆ ಅಪಾಯ ನಿಜವಾಗ್ಲೂ ಕಮ್ಮಿ ಆಗುತ್ತಾ?